ಏಳು ವರ್ಷದಿಂದ ಅಳತೆ ಕೊಟ್ಟು ಬರ್ತಿದೀವಿ, ಇದರಿಂದ ಯಾರಿಗೆ ಏನಾಗ್ತಿದೆ? (ಹಂಟಿಂಗ್ಟನ್ ಕಾಯಿಲೆ)

ಹೊಸ್ತಿಲು ಬರೆದದ್ದು:

ನಮ್ಮ ಮನೆಯವರಿಗೆ ಹಂಟಿಂಗ್ಟನ್, ಅಂದ್ರೆ ಮೆದುಳು ನಿಧಾನವಾಗಿ ಕೆಡುತ್ತಾ ಹೋಗೋ, ಹೆತ್ತವರಿಂದ ಮಕ್ಕಳಿಗೂ ಬರಬಹುದಾದ ಕಾಯಿಲೆ ಅಂತ ಗೊತ್ತಾಗಿ ಎಂಟು ವರ್ಷ ಆಯ್ತು. ಮರುವರ್ಷದಿಂದಲೇ ಒಂದು ವೀಕ್ಷಣಾ ಅಧ್ಯಯನಕ್ಕೆ ಸೇರಿಕೊಂಡ್ರು. ಔಷಧದ ಟ್ರಯಲ್ ಅಲ್ಲ ಅದು. ವರ್ಷಕ್ಕೊಂದು ಸಲ ಹೋಗೋದು, ಹೇಳಿದ್ದೆಲ್ಲ ಮಾಡೋದು, ರಕ್ತ ಕೊಡೋದು, ವಾಪಸ್ ಬರೋದು.

ಹೋದ ವಾರ ಏಳನೇ ಸಲ ಹೋಗಿದ್ವಿ. ನಾನು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿದ್ದೆ. ನಾಲಿಗೆ ಚಾಚಿ ಹತ್ತು ಸೆಕೆಂಡು ಹಾಗೇ ಹಿಡ್ಕೊಳ್ಳಿ ಅಂತಾರೆ. ಮೊದಲನೇ ವರ್ಷ ಅದು ಆಟದ ಹಾಗಿತ್ತು. ಈಗ ಮೂರು ಎಣಿಸೋದ್ರೊಳಗೆ ನಾಲಿಗೆ ತಾನಾಗೇ ಒಳಗೆ ಹೋಗಿಬಿಡುತ್ತೆ. ಆಮೇಲೆ ಮೇಜಿನ ಮೇಲೆ ಮುಷ್ಟಿ, ಅಂಗೈ ಅಂಚು, ಅಂಗೈ, ಈ ಕ್ರಮದಲ್ಲಿ ಕೈ ಊರಬೇಕು. ಎರಡನೇ ಸುತ್ತಿಗೇ ಕ್ರಮ ತಪ್ಪಿತು. ಎಲ್ಲಕ್ಕಿಂತ ಕಷ್ಟ ಅನ್ನಿಸೋದು ಆ ಚಿಹ್ನೆಗಳ ಹಾಳೆ. ಮೇಲೆ ಒಂಬತ್ತು ಚಿಹ್ನೆ, ಒಂದೊಂದಕ್ಕೂ ಒಂದು ಅಂಕಿ. ಕೆಳಗೆ ಸಾಲು ಸಾಲು ಚಿಹ್ನೆ ಇರುತ್ತೆ, ಅಂಕಿ ತುಂಬಿಸ್ತಾ ಹೋಗ್ಬೇಕು. ತೊಂಬತ್ತು ಸೆಕೆಂಡು. ಇವರು ಲೆಕ್ಕಪತ್ರದ ಕೆಲಸದಲ್ಲಿದ್ದವರು, ಅಂಕಿ ಅಂದ್ರೆ ನೀರು ಕುಡಿದ ಹಾಗೆ. ಈ ಸಲ ಎರಡನೇ ಸಾಲೂ ಮುಗೀಲಿಲ್ಲ. ಪೆನ್ಸಿಲ್ ಕೆಳಗಿಟ್ಟು ನನ್ನ ಕಡೆ ನೋಡಿದ್ರು. ಆ ನೋಟ ಮರೆಯೋಕೆ ಆಗ್ತಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಏಳು ವರ್ಷ ಇಳಿಕೆಯನ್ನ ಅಳೆದು ಬರಕೊಂಡ್ರು. ಒಂದು ಮಾತ್ರೆ ಕೊಟ್ಟಿಲ್ಲ, ಇದರಿಂದ ಏನು ತಿಳೀತು ಅಂತ ಒಂದು ಕಾಗದ ಬಂದಿಲ್ಲ. ಈಗ ಹತ್ತೊಂಬತ್ತರ ಮಗಳು "ಅಮ್ಮ, ನಾನೂ ಸೇರ್ಕೊಳ್ಳಲಾ" ಅಂತಿದಾಳೆ. ಅವಳಿಗೆ ಜೀನ್ ಪರೀಕ್ಷೆ ಮಾಡಿಸಿಲ್ಲ, ಮಾಡಿಸೋ ಯೋಚನೆಯೂ ಸದ್ಯಕ್ಕಿಲ್ಲ. ಏನು ಹೇಳಲಿ ಅವಳಿಗೆ?

ಅಳತೆಪಟ್ಟಿ ಬರೆದದ್ದು:

ಅಕ್ಕ, ಇಂಥದೇ ಅಧ್ಯಯನವೊಂದರಲ್ಲಿ ಹನ್ನೊಂದು ವರ್ಷ ಸಂಯೋಜಕಿಯಾಗಿದ್ದೆ. ಆ ಹಾಳೆಯನ್ನು ಮುಂದಿಟ್ಟು ಗಡಿಯಾರ ಒತ್ತುತ್ತಿದ್ದವಳು ನಾನೇ. ನೀವು ಹೇಳಿದ ಆ ನೋಟ ನನಗೂ ಗೊತ್ತು. ಗಡಿಯಾರ ನಿಂತಮೇಲೆ ಏನಾದರೂ ಹೇಳಬೇಕು ಅನ್ನಿಸುತ್ತದೆ, ಆದರೆ "ಚೆನ್ನಾಗಿ ಮಾಡಿದಿರಿ" ಎಂದೂ ಹೇಳುವಂತಿಲ್ಲ. ಎಲ್ಲ ಕೇಂದ್ರಗಳಲ್ಲೂ ಎಲ್ಲರಿಗೂ ಒಂದೇ ಮಾತು, ಒಂದೇ ಕ್ರಮ. ಇಲ್ಲಿ ಅಳೆದದ್ದನ್ನು ಇನ್ನೊಂದು ದೇಶದಲ್ಲಿ ಅಳೆದದ್ದರ ಪಕ್ಕದಲ್ಲಿ ಇಡಬೇಕಾದರೆ ಹಾಗೆಯೇ ಇರಬೇಕು.

ಈ ಕಾಯಿಲೆ ಇರುವುದು ಸುಮಾರು ಹತ್ತು ಸಾವಿರದಲ್ಲಿ ಒಬ್ಬರಿಗೆ. ಒಂದು ಆಸ್ಪತ್ರೆಯಲ್ಲಿ ಎಷ್ಟು ಒಳ್ಳೆಯ ವೈದ್ಯರಿದ್ದರೂ ಅವರು ನೋಡುವುದು ಬೆರಳೆಣಿಕೆಯ ಕುಟುಂಬಗಳನ್ನು. ಅದರಲ್ಲೂ ಒಬ್ಬರಿಗೆ ಮೂವತ್ತರಲ್ಲಿ ಶುರುವಾಗುತ್ತದೆ, ಇನ್ನೊಬ್ಬರಿಗೆ ಐವತ್ತೈದರಲ್ಲಿ. ಒಬ್ಬರಿಗೆ ಮೊದಲು ಕೈಕಾಲು ತಂತಾನೆ ಕುಣಿಯುತ್ತದೆ, ಇನ್ನೊಬ್ಬರಿಗೆ ಮೊದಲು ಸಿಟ್ಟು, ಮಂಕು. ಇಷ್ಟು ಹರಡಿಕೊಂಡ ಕಾಯಿಲೆ ಔಷಧವಿಲ್ಲದಿದ್ದಾಗ ಯಾವ ವೇಗದಲ್ಲಿ ಇಳಿಯುತ್ತದೆ ಎಂದು ಗೊತ್ತಿಲ್ಲದೆ, ಔಷಧ ಕೊಟ್ಟಮೇಲೆ ವೇಗ ತಗ್ಗಿತು ಎಂದು ಹೇಳುವುದು ಹೇಗೆ? ಆ ವೇಗವನ್ನು ನಿಮ್ಮ ಮನೆಯವರಂಥವರು ಸೇರಿ ಬರೆದುಕೊಟ್ಟಿದ್ದಾರೆ.

ಯುರೋಪಿನಲ್ಲಿ ರಿಜಿಸ್ಟ್ರಿ, ಉತ್ತರ ಅಮೆರಿಕದಲ್ಲಿ ಕೋಹಾರ್ಟ್ ಎಂದು ಬೇರೆಬೇರೆ ಅಧ್ಯಯನಗಳಿದ್ದವು. 2012ರಿಂದ ಎರಡರ ಜಾಗದಲ್ಲೂ ಎನ್ರೋಲ್-ಎಚ್‌ಡಿ ಎಂಬ ಒಂದೇ ಅಧ್ಯಯನ ಬಂತು. ಹಣ ಈ ಕಾಯಿಲೆಯ ಸಂಶೋಧನೆಗೆಂದೇ ಇರುವ ಸಿಎಚ್‌ಡಿಐ ಪ್ರತಿಷ್ಠಾನದ್ದು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಸೇರಿದ್ದಾರೆ. ಹೆಸರು ಎಲ್ಲೂ ಹೋಗುವುದಿಲ್ಲ, ಹುಟ್ಟಿದ ದಿನದಂಥ ಬದಲಾಗದ ವಿವರಗಳಿಂದ ಒಂದು ಕೋಡ್ ಹುಟ್ಟುತ್ತದೆ. ಊರು ಬದಲಾಯಿಸಿ ಬೇರೆ ಕೇಂದ್ರಕ್ಕೆ ಹೋದರೂ ಅದೇ ಕೋಡ್. ಆ ಕೋಡಿನಿಂದ ಹಿಂದಕ್ಕೆ ಹೋಗಿ ಹೆಸರು ಪತ್ತೆಮಾಡಲು ಬರುವುದಿಲ್ಲ. ಅರ್ಹ ಸಂಶೋಧಕರು ಕೇಳಿದರೆ ಮಾಹಿತಿಯನ್ನು ಹಣವಿಲ್ಲದೆ ಕೊಡುತ್ತಾರೆ.

ಕಾಗದ ಬರಲಿಲ್ಲ ಅಂದಿರಲ್ಲ, ಅದು ತಪ್ಪು. ಅದನ್ನು ನಾನು ಸಮರ್ಥಿಸುವುದಿಲ್ಲ. ನಾನು ಕೆಲಸ ಮಾಡುತ್ತಿದ್ದಲ್ಲೂ ಭೇಟಿ ಮುಗಿದಕೂಡಲೇ ಮುಂದಿನ ಕುಟುಂಬ ಕಾಯುತ್ತಿರುತ್ತಿತ್ತು, "ನೀವು ಹೋದ ವರ್ಷ ಕೊಟ್ಟದ್ದರಿಂದ ಇದು ತಿಳಿಯಿತು" ಎಂದು ಹೇಳಲು ಯಾರಿಗೂ ಐದು ನಿಮಿಷ ಇರುತ್ತಿರಲಿಲ್ಲ.

ನಾಳೆಯಾಚೆ ಬರೆದದ್ದು:

ಮಗಳ ವಿಷಯಕ್ಕೆ ನಾನು ಉತ್ತರ ಕೊಡ್ತೀನಿ, ಯಾಕಂದ್ರೆ ನಾನೂ ಅದೇ ಜಾಗದಲ್ಲಿ ನಿಂತವನು. ನಮ್ಮಮ್ಮ ಇದೇ ಕಾಯಿಲೆಯಲ್ಲಿ ಹೋದ್ರು. ನನಗೆ ಬಂದಿರೋ ಸಾಧ್ಯತೆ ಐವತ್ತಕ್ಕೆ ಐವತ್ತು. ನಾನು ಪರೀಕ್ಷೆ ಮಾಡಿಸಿಲ್ಲ. ಆದ್ರೂ ಐದು ವರ್ಷದಿಂದ ಅಧ್ಯಯನದಲ್ಲಿದೀನಿ.

ಗೊತ್ತಿಲ್ಲದವರನ್ನೂ ಸೇರಿಸ್ಕೊಳ್ತಾರೆ. ನನ್ನ ರಕ್ತದಲ್ಲಿ ಸಂಶೋಧನೆಗಾಗಿ ಜೀನ್ ನೋಡ್ತಾರೆ, ಆದ್ರೆ ಫಲಿತಾಂಶ ನನಗೂ ಹೇಳಲ್ಲ, ನನ್ನನ್ನ ನೋಡೋ ಡಾಕ್ಟರಿಗೂ ಹೇಳಲ್ಲ. ಮೊದಲನೇ ವರ್ಷ ಆ ನರ್ಸಮ್ಮನ ಮುಖದಲ್ಲಿ ಏನಾದ್ರೂ ಸಿಗುತ್ತಾ ಅಂತ ಹುಡುಕಿದ್ದೆ. ಆಮೇಲೆ ಅರ್ಥ ಆಯ್ತು, ಅವರಿಗೂ ಗೊತ್ತಿರಲ್ಲ ಅಂತ.

ಅವಳಾಗಿ ಕೇಳ್ತಿದಾಳೆ ಅಂದ್ರೆ ಬೇಡ ಅನ್ನಬೇಡಿ. ಆದ್ರೆ ಒಂದು ಮಾತು ಮುಂಚೆನೇ ಹೇಳಿ: ಪ್ರತಿ ಸಲ ಹೋಗಿಬಂದ ಮೇಲೆ ಒಂದೆರಡು ವಾರ ಕೈಯಿಂದ ಲೋಟ ಜಾರಿದ್ರೂ "ಶುರುವಾಯ್ತಾ" ಅನ್ಸುತ್ತೆ. ನನಗೆ ಈಗಲೂ ಅನ್ಸುತ್ತೆ. ಅದನ್ನ ಹೇಳ್ಕೊಳ್ಳೋಕೆ ಒಬ್ಬರು ಬೇಕು. ಅಪ್ಪನನ್ನ ನೋಡ್ಕೊಳ್ತಿರೋ ನಿಮಗೆ ಅವಳು ಹೇಳಲ್ಲ, ಬಚ್ಚಿಡ್ತಾಳೆ. ಬೇರೆ ಯಾರನ್ನಾದ್ರೂ ಗೊತ್ತುಮಾಡಿ.

ತಳಿಸುರುಳಿ ಬರೆದದ್ದು:

ಈ ಕಾಯಿಲೆಯ ತಳಿಶಾಸ್ತ್ರದಲ್ಲೇ ಕೆಲಸ ಮಾಡುವವನು ನಾನು. "ಇದರಿಂದ ಯಾರಿಗೆ ಏನಾಗ್ತಿದೆ" ಎಂದು ಕೇಳುವುದು ನಿಮ್ಮ ಹಕ್ಕು, ಅದಕ್ಕೆ ಉತ್ತರ ಕೊಡಬೇಕಾದವರಲ್ಲಿ ನಾನೂ ಒಬ್ಬ. ಸ್ವಲ್ಪ ಉದ್ದವಾಗುತ್ತದೆ, ಕ್ಷಮಿಸಿ.

1983ರಲ್ಲಿ ಈ ಕಾಯಿಲೆಯ ಜೀನ್ ನಾಲ್ಕನೇ ವರ್ಣತಂತುವಿನಲ್ಲಿದೆ ಎಂದು ತಿಳಿಯಿತು. ಬೀದಿ ಸಿಕ್ಕಿತು, ಮನೆ ಯಾವುದೆಂದು ಗೊತ್ತಾಗಲು ಇನ್ನೂ ಹತ್ತು ವರ್ಷ ಹಿಡಿಯಿತು. ಪೈಪೋಟಿಯಲ್ಲಿದ್ದ ಆರು ಗುಂಪುಗಳು ಆ ಹತ್ತು ವರ್ಷ ಮಾದರಿಗಳನ್ನೂ ಸುಳಿವುಗಳನ್ನೂ ಹಂಚಿಕೊಂಡು ಹುಡುಕಿದವು. 1993ರ ಮಾರ್ಚ್‌ನಲ್ಲಿ ಫಲಿತಾಂಶ ಪ್ರಕಟವಾದಾಗ ಲೇಖಕರ ಜಾಗದಲ್ಲಿ ಇದ್ದದ್ದು ಒಬ್ಬರ ಹೆಸರಲ್ಲ, ಹಂಟಿಂಗ್ಟನ್ ಕಾಯಿಲೆಯ ಸಹಯೋಗಿ ಸಂಶೋಧನಾ ಗುಂಪು ಎಂಬ ಒಂದೇ ಹೆಸರು. ಅದರೊಳಗೆ 58 ವಿಜ್ಞಾನಿಗಳು. ಮೊದಲ ಹೆಸರು ಯಾರದ್ದು ಎಂಬುದರ ಮೇಲೆ ವೃತ್ತಿಯೇ ನಿಲ್ಲುವ ನಮ್ಮ ಲೋಕದಲ್ಲಿ ಇದು ಸಣ್ಣ ಸಂಗತಿ ಅಲ್ಲ.

ಕಂಡದ್ದು ಇದು: ಆ ಜೀನ್‌ನಲ್ಲಿ ಸಿಎಜಿ ಎಂಬ ಮೂರಕ್ಷರ ಮತ್ತೆ ಮತ್ತೆ ಬರುತ್ತದೆ. 26 ಸಲದವರೆಗೆ ಬಂದರೆ ತೊಂದರೆಯಿಲ್ಲ. 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಆಯುಸ್ಸಿದ್ದಷ್ಟರಲ್ಲಿ ಕಾಯಿಲೆ ಬಂದೇ ಬರುತ್ತದೆ. 36ರಿಂದ 39ರವರಿಗೆ ಬರಬಹುದು, ಬಾರದಿರಲೂಬಹುದು.

ಇಷ್ಟಾದರೂ ಒಂದು ಒಗಟು ಉಳಿಯಿತು. ಇಬ್ಬರಿಗೂ 43 ಇದ್ದರೂ ಒಬ್ಬರಿಗೆ ಹತ್ತು ವರ್ಷ ಮುಂಚೆ ಶುರುವಾಗುವುದೇಕೆ? ಇದಕ್ಕೆ ಉತ್ತರ ಬೇಕಾದರೆ ಸಾವಿರಗಟ್ಟಲೆ ಜನರ ಡಿಎನ್‌ಎ ಬೇಕು, ಜೊತೆಗೆ ಅವರಿಗೆ ಯಾವ ವಯಸ್ಸಿನಲ್ಲಿ ಶುರುವಾಯಿತು ಎಂಬ ನಂಬಬಹುದಾದ ದಾಖಲೆಯೂ ಬೇಕು. ಡಿಎನ್‌ಎ ಪ್ರಯೋಗಾಲಯದಲ್ಲಿ ಓದಬಹುದು, ಎರಡನೆಯದು ನಿಮ್ಮಂಥವರು ಬಾಗಿಲ ಪಕ್ಕ ಕೂತು ನೆನಪಿಸಿಕೊಂಡು ಹೇಳಿದ ಮಾತುಗಳಿಂದಲೇ ಬರಬೇಕು. ಜೆಮ್-ಎಚ್‌ಡಿ ಎಂಬ ಸಂಶೋಧಕರ ಒಕ್ಕೂಟ 2015ರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಜನರ, 2019ರಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಜನರ ಮಾಹಿತಿ ಸೇರಿಸಿ ನೋಡಿತು. ಹದಿನೈದನೇ ವರ್ಣತಂತುವಿನಲ್ಲಿ ಎಫ್ಎಎನ್1 ಜೀನ್ ಹತ್ತಿರದ ಒಂದು ಅಪರೂಪದ ವ್ಯತ್ಯಾಸ ಇದ್ದವರಿಗೆ ಕಾಯಿಲೆ ಸುಮಾರು ಆರು ವರ್ಷ ಮುಂಚೆ ಬರುತ್ತದೆ, ಅಲ್ಲೇ ಪಕ್ಕದ ಇನ್ನೊಂದು ವ್ಯತ್ಯಾಸ ಇದ್ದವರಿಗೆ ತಡವಾಗಿ ಬರುತ್ತದೆ. ಹೀಗೆ ಸಿಕ್ಕಿದ ಜೀನ್‌ಗಳಲ್ಲಿ ಹೆಚ್ಚಿನವು ಡಿಎನ್‌ಎ ರಿಪೇರಿ ಮಾಡುವವು: ಎಂಎಸ್ಎಚ್3, ಎಂಎಲ್ಎಚ್1 ಮೊದಲಾದವು.

ಇದನ್ನು ನಮ್ಮಲ್ಲಿ ಹೆಚ್ಚಿನವರು ನಿರೀಕ್ಷಿಸಿರಲಿಲ್ಲ. ರಿಪೇರಿಗೆ ಬಂದ ಯಂತ್ರವೇ ಮೆದುಳಿನ ಕೆಲವು ಕೋಶಗಳಲ್ಲಿ ಆ ಸಿಎಜಿ ಸಾಲನ್ನು ಇನ್ನಷ್ಟು ಉದ್ದ ಮಾಡುತ್ತಾ ಹೋಗುತ್ತದೆ. 2025ರ ಜನವರಿಯಲ್ಲಿ ಬಂದ ಒಂದು ಅಧ್ಯಯನ, ಸತ್ತ ಮೇಲೆ ದಾನವಾಗಿ ಬಂದ ಸುಮಾರು ನೂರು ಜನರ ಮೆದುಳನ್ನು ಕೋಶಕೋಶವಾಗಿ ನೋಡಿತು. ಹುಟ್ಟುವಾಗ 40ರ ಆಸುಪಾಸಿನಲ್ಲಿದ್ದ ಸಾಲು ದಶಕಗಟ್ಟಲೆ ನಿಧಾನವಾಗಿ ಬೆಳೆದು, ಸುಮಾರು 150 ದಾಟಿದಮೇಲೆ ಆ ಕೋಶ ಕೆಡಲು ತೊಡಗುತ್ತದೆ. ಎಂದರೆ ಅದಕ್ಕೂ ಮುಂಚಿನ ದಶಕಗಳು ಚಿಕಿತ್ಸೆಗೆ ತೆರೆದಿರುವ ಕಾಲ. ಎಂಎಸ್ಎಚ್3 ಅನ್ನು ತಗ್ಗಿಸಿ ಆ ಬೆಳವಣಿಗೆಯನ್ನು ತಡೆಯಬಹುದೇ ಎಂದು ಇವತ್ತು ಹಲವು ಪ್ರಯೋಗಾಲಯಗಳು ದುಡಿಯುತ್ತಿವೆ. ಇದರ ಸುಳಿವು ಇಲಿಗಳಲ್ಲಿ ಮೊದಲೇ ಸಿಕ್ಕಿತ್ತು, ಆದರೆ ಮನುಷ್ಯರಲ್ಲಿ ಕಾಯಿಲೆ ಶುರುವಾಗುವ ವಯಸ್ಸಿಗೂ ಇದಕ್ಕೂ ನಂಟಿದೆ ಎಂದು ನಿಮ್ಮ ಮನೆಯವರಂಥ ಸಾವಿರಾರು ಜನರ ರಕ್ತ ಮತ್ತು ಅವರ ಕತೆ ತೋರಿಸಿತು.

ಮರಳುದಿಣ್ಣೆ ಬರೆದದ್ದು:

ತಳಿಸುರುಳಿ ಸರ್, ನೀವು ಹೇಳಿದ್ದೆಲ್ಲ ಒಪ್ಪುವೆ. ಆದರೆ 1983ರ ಬೀದಿ ಹೇಗೆ ಸಿಕ್ಕಿತು ಎಂಬುದನ್ನು ನೀವು ದಾಟಿಬಿಟ್ಟಿರಿ. ಅದನ್ನು ಹೇಳದೆ ಮುಂದೆ ಹೋಗಬಾರದು.

ವೆನೆಜುವೆಲಾದ ಮರಕೈಬೊ ಸರೋವರದ ದಂಡೆಯ ಊರುಗಳಲ್ಲಿ ಈ ಕಾಯಿಲೆ ಜಗತ್ತಿನ ಬೇರೆಲ್ಲೂ ಇಲ್ಲದಷ್ಟು ದಟ್ಟವಾಗಿದೆ. 1950ರ ದಶಕದಲ್ಲಿ ಅಲ್ಲಿನ ವೈದ್ಯ ಅಮೆರಿಕೊ ನೆಗ್ರೆಟೆ ಅದನ್ನು ಗುರುತಿಸಿದರು. 1979ರಿಂದ ಅಮೆರಿಕದ ಸಂಶೋಧಕಿ ನ್ಯಾನ್ಸಿ ವೆಕ್ಸ್‌ಲರ್ ತಂಡ ಮತ್ತೆ ಮತ್ತೆ ಅಲ್ಲಿಗೆ ಹೋಗಿ ವಂಶವೃಕ್ಷ ಬರೆಯಿತು, ರಕ್ತ ತೆಗೆದುಕೊಂಡಿತು. ಹದಿನೆಂಟು ಸಾವಿರಕ್ಕೂ ಹೆಚ್ಚು ಜನರ ವಂಶಾವಳಿ, ಸುಮಾರು ನಾಲ್ಕು ಸಾವಿರ ರಕ್ತದ ಮಾದರಿ. ವೆಕ್ಸ್‌ಲರ್ ಅವರ ತಾಯಿಗೂ ಈ ಕಾಯಿಲೆ ಇತ್ತು, ತಮಗೂ ಇದೆ ಎಂದು ಅವರು 2020ರಲ್ಲಿ ಬಹಿರಂಗವಾಗಿ ಹೇಳಿದರು. ಅವರ ಪ್ರಾಮಾಣಿಕತೆಯ ಮೇಲೆ ನನಗೆ ಅನುಮಾನವಿಲ್ಲ. ಅಲ್ಲಿ ರೋಗಿಗಳಿಗಾಗಿ ಒಂದು ಆರೈಕೆ ಮನೆಯನ್ನೂ ತೆರೆದರು. ಆದರೆ ಆ ಮನೆ ಆಮೇಲೆ ಮುಚ್ಚಿತು. ಜೀನ್ ಸಿಕ್ಕಿ ಮೂವತ್ತು ವರ್ಷ ದಾಟಿದೆ, ಯಾರ ರಕ್ತದಿಂದ ಸಿಕ್ಕಿತೋ ಅವರ ಮಕ್ಕಳು ಇವತ್ತಿಗೂ ಕಡುಬಡತನದಲ್ಲಿ, ಅಲುಗಾಟ ತಗ್ಗಿಸುವ ಮಾತ್ರೆಯೂ ಸರಿಯಾಗಿ ಸಿಗದೆ ಇದ್ದಾರೆ.

ನನ್ನದೇ ಅನುಭವ ಹೇಳುವೆ. ಅಮ್ಮ ಬದುಕಿದ್ದಾಗ ಒಂದು ಸಂಶೋಧನೆಗೆ ಚರ್ಮದ ಚೂರು ಕೊಟ್ಟಿದ್ದರು. ತೋಳಿನ ಒಳಬದಿಯಲ್ಲಿ ಕಾಳಿನಷ್ಟು ಕಲೆ. ಅದರಿಂದ ಕೋಶಗಳನ್ನು ಬೆಳೆಸುತ್ತಾರಂತೆ ಎಂದು ಎಲ್ಲರಿಗೂ ತೋರಿಸುತ್ತಿದ್ದರು, ಅಷ್ಟು ಹೆಮ್ಮೆ. ತೀರಿಕೊಂಡ ಮೇಲೆ ಆ ಕೋಶಗಳು ಎಲ್ಲಿವೆ, ಅವುಗಳಿಂದ ಏನಾದರೂ ತಿಳಿಯಿತೇ ಎಂದು ನಾನು ಎರಡು ಸಲ ಪತ್ರ ಬರೆದೆ. ಉತ್ತರವಿಲ್ಲ. ಹಣ ಕೇಳಿರಲಿಲ್ಲ, ಹೆಸರು ಹಾಕಿ ಎಂದೂ ಕೇಳಿರಲಿಲ್ಲ.

ಹೊಸ್ತಿಲು ಮೇಡಂ, ಸೇರಿ ಅಥವಾ ಬಿಡಿ ಎಂದು ನಾನು ಹೇಳಲಾರೆ. ಸಹಿ ಹಾಕುವ ಮೊದಲು ಕೇಳಿ: ಮಾದರಿ ಎಲ್ಲಿರುತ್ತದೆ, ಎಷ್ಟು ಕಾಲ, ಬೇಡ ಅನ್ನಿಸಿದರೆ ಹಿಂದಕ್ಕೆ ಪಡೆಯಬಹುದೇ, ತಿಳಿದದ್ದನ್ನು ನಮಗೆ ಯಾರು ಹೇಳುತ್ತಾರೆ.

ತಳಿಸುರುಳಿ ಬರೆದದ್ದು:

ದಾಟಿದ್ದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ. ನಿಮ್ಮ ತಾಯಿಯವರ ಕೋಶಗಳ ಬಗ್ಗೆ ಉತ್ತರ ಬರಬೇಕಿತ್ತು. ಒಪ್ಪಿಗೆ ಪತ್ರದಲ್ಲಿ ನೈತಿಕ ಸಮಿತಿಯ ವಿಳಾಸ ಇರುತ್ತದೆ. ಆ ಪತ್ರದ ಪ್ರತಿ ಇದ್ದರೆ ಸಂಶೋಧಕರಿಗಲ್ಲ, ಆ ಸಮಿತಿಗೆ ಬರೆಯಿರಿ. ಕರಡು ಬರೆದುಕೊಡಲು ನಾನು ಸಿದ್ಧ.

ಕಾಗುಣಿತ ಬರೆದದ್ದು:

ಎಲ್ಲ ಓದಿದೆ. ನನ್ನ ತಮ್ಮನಿಗೂ ಇದೇ ಕಾಯಿಲೆ. ಒಂದು ಕೇಳಬೇಕು: 2021ರಲ್ಲಿ ಅಷ್ಟು ದೊಡ್ಡ ಟ್ರಯಲ್ ನಿಂತುಹೋಯಿತಲ್ಲ, ಆವತ್ತು ನಮ್ಮ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ. ಇಷ್ಟೆಲ್ಲ ಅಧ್ಯಯನಗಳ ಜಾಲ ಇದ್ದೂ ಹಾಗೇಕಾಯಿತು?

ಅಳತೆಪಟ್ಟಿ ಬರೆದದ್ದು:

ಟೊಮಿನೆರ್ಸೆನ್ ಎಂಬ ಔಷಧದ ಟ್ರಯಲ್ ತಾನೇ? 791 ಜನ ಸೇರಿದ್ದರು. ಬೆನ್ನುಹುರಿಯ ದ್ರವಕ್ಕೆ ಚುಚ್ಚುಮದ್ದು. ಎಂಟು ವಾರಕ್ಕೊಮ್ಮೆ ಔಷಧ ತೆಗೆದುಕೊಂಡವರ ಸ್ಥಿತಿ, ಔಷಧವಿಲ್ಲದ ಚುಚ್ಚುಮದ್ದು ತೆಗೆದುಕೊಂಡವರಿಗಿಂತ ಕೆಳಗೆ ಹೋಗುತ್ತಿತ್ತು. ಅದನ್ನು ಕಂಡ ಸ್ವತಂತ್ರ ಸಮಿತಿ 2021ರ ಮಾರ್ಚ್‌ನಲ್ಲಿ ನಿಲ್ಲಿಸಲು ಹೇಳಿತು. ಜಾಲ ಇದ್ದುದರಿಂದಲೇ ಅಷ್ಟು ಬೇಗ ಅಷ್ಟು ಜನ ಸೇರಿದರು, ಹಾಗಾಗಿಯೇ ಹಾನಿಯೂ ಬೇಗ ಕಂಡಿತು. ಇಲ್ಲದಿದ್ದರೆ ಇನ್ನೂ ಎಷ್ಟು ವರ್ಷ ಕೊಡುತ್ತಿದ್ದರೋ. ಆಮೇಲೆ ಅಂಕಿಅಂಶ ಬಿಡಿಸಿ ನೋಡಿದಾಗ ವಯಸ್ಸು ಕಡಿಮೆ, ಕಾಯಿಲೆಯೂ ಕಡಿಮೆ ಮುಂದುವರಿದವರಿಗೆ ಉಪಯೋಗ ಆಗಬಹುದೇನೋ ಎಂಬ ಸುಳಿವು ಸಿಕ್ಕಿ, ಕಡಿಮೆ ಔಷಧದ ಹೊಸ ಟ್ರಯಲ್ ಆರಂಭಿಸಿದರು. ಊಟ ಬಿಟ್ಟ ದಿನ ನಮ್ಮ ಕೇಂದ್ರದಲ್ಲೂ ಅಂಥದೇ ದಿನ. ಒಬ್ಬೊಬ್ಬರಿಗೂ ನಾವೇ ಫೋನ್ ಮಾಡಿ ಹೇಳಬೇಕಾಯಿತು.

ತಳಿಸುರುಳಿ ಬರೆದದ್ದು:

ಹೊಸ್ತಿಲು ಮೇಡಂ, ನೀವು ಹೇಳಿದ ಆ ಚಿಹ್ನೆಗಳ ಹಾಳೆ ನನ್ನ ತಲೆಯಲ್ಲಿ ಉಳಿದಿದೆ. ಅದರ ಬಗ್ಗೆ ಒಂದು ಮಾತು.

2025ರ ಸೆಪ್ಟೆಂಬರ್‌ನಲ್ಲಿ ಯೂನಿಕ್ಯೂರ್ ಕಂಪನಿ ಎಎಂಟಿ-130 ಎಂಬ ಜೀನ್ ಚಿಕಿತ್ಸೆಯ ಫಲಿತಾಂಶ ಹೇಳಿತು. ಮೆದುಳಿನ ಆಳಕ್ಕೆ ಸೂಜಿ ಇಳಿಸಿ ಒಂದೇ ಸಲ ಕೊಡುವ ಚಿಕಿತ್ಸೆ, ಶಸ್ತ್ರಚಿಕಿತ್ಸೆಗೆ ಹನ್ನೆರಡು ಗಂಟೆಗೂ ಹೆಚ್ಚು ಬೇಕು. ಹೆಚ್ಚಿನ ಪ್ರಮಾಣ ಪಡೆದು ಮೂರು ವರ್ಷ ಪೂರೈಸಿದ ಹನ್ನೆರಡು ಜನರಲ್ಲಿ ಕಾಯಿಲೆ ಇಳಿಯುವ ವೇಗ 75% ತಗ್ಗಿತು ಎಂಬುದು ಅವರ ಲೆಕ್ಕ. ಯಾವುದಕ್ಕೆ ಹೋಲಿಸಿ ತಗ್ಗಿತು? ಮೂರು ವರ್ಷ ಯಾರನ್ನೂ ಔಷಧ ಕೊಡದೆ ಮಾಡುವ ಸುಳ್ಳು ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಇಟ್ಟುಕೊಳ್ಳಲಾಗುವುದಿಲ್ಲ. ಅದಕ್ಕೆ ಎನ್ರೋಲ್-ಎಚ್‌ಡಿಯಲ್ಲಿ ಅದೇ ವಯಸ್ಸು, ಅದೇ ಹಂತದಲ್ಲಿದ್ದವರನ್ನು ಆರಿಸಿ ಅವರ ವರ್ಷವರ್ಷದ ಅಳತೆಯ ಪಕ್ಕದಲ್ಲಿ ಇಟ್ಟರು. ಇನ್ನು ಯಾವ ಅಳತೆ? ನಾಲ್ಕನ್ನು ಕೂಡಿಸಿದ ಒಂದು ಅಂಕ: ದಿನನಿತ್ಯದ ಕೆಲಸ ಮಾಡುವ ಶಕ್ತಿ, ನಾಲಿಗೆ ಚಾಚುವುದು ಕೈ ಊರುವುದೆಲ್ಲ ಸೇರಿದ ಚಲನೆಯ ಪರೀಕ್ಷೆ, ಪದಗಳನ್ನು ಓದುವ ವೇಗ, ಮತ್ತು ತೊಂಬತ್ತು ಸೆಕೆಂಡಿನ ಆ ಚಿಹ್ನೆಗಳ ಹಾಳೆ.

ಇದು ಗೆದ್ದಾಯಿತು ಎಂದು ನಾನು ಹೇಳುತ್ತಿಲ್ಲ. ಹನ್ನೆರಡು ಜನ ತೀರ ಕಡಿಮೆ. ನವೆಂಬರ್‌ನಲ್ಲೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಂಥ ಹೊರಗಿನ ಹೋಲಿಕೆಯನ್ನು ಅನುಮೋದನೆಗೆ ಸಾಕೆಂದು ಒಪ್ಪುವಂತೆ ಕಾಣುತ್ತಿಲ್ಲ ಎಂದು ಕಂಪನಿಯೇ ತಿಳಿಸಿತು. ಆ ವಾದದ ಕೇಂದ್ರದಲ್ಲಿ ಇರುವುದು, ಔಷಧವಿಲ್ಲದವರ ಇಳಿಕೆಯನ್ನು ನಾವು ಎಷ್ಟು ಚೆನ್ನಾಗಿ ಅಳೆದಿದ್ದೇವೆ ಎಂಬುದು. ಒಂದು ವರ್ಷ ತಪ್ಪಿಸಿಕೊಂಡರೆ, ಕಷ್ಟ ಅನ್ನಿಸಿದ ಹಾಳೆಯನ್ನು ಬಿಟ್ಟುಬಿಟ್ಟರೆ, ಅಲ್ಲೊಂದು ಖಾಲಿ ಜಾಗ ಉಳಿಯುತ್ತದೆ. ಮುಂದುವರಿದ ಹಂತದವರು ಬರುವುದು ನಿಲ್ಲಿಸುವುದು ಇನ್ನೂ ದೊಡ್ಡ ನಷ್ಟ. ಬರಲಾಗದವರ ಇಳಿಕೆ ಲೆಕ್ಕಕ್ಕೆ ಸಿಗದೆ, ಕಾಯಿಲೆ ಇರುವುದಕ್ಕಿಂತ ಮೃದು ಎಂದು ಕಾಣುತ್ತದೆ. ಎರಡನೇ ಸಾಲು ಮುಗಿಯದ ಹಾಳೆ ಎಷ್ಟು ಬೆಲೆಯದ್ದು ಎಂದು ನಿಮ್ಮ ಮನೆಯವರಿಗೆ ನನ್ನ ಪರವಾಗಿ ಹೇಳಿ.

ಅಳತೆಪಟ್ಟಿ ಬರೆದದ್ದು:

ಅಕ್ಕ, ಕೇಳಲು ಮರೆತೆ. ನಿಮ್ಮನ್ನು ಸೇರಿಸಿಕೊಂಡಿದ್ದಾರಾ? ರಕ್ತಸಂಬಂಧವಿಲ್ಲದ ಗಂಡ, ಹೆಂಡತಿ, ಆರೈಕೆ ಮಾಡುವವರೂ ಹೋಲಿಕೆಯ ಗುಂಪಿಗೆ ಬರಬಹುದು. ಕಾಯಿಲೆ ಇಲ್ಲದವರಲ್ಲಿ ವಯಸ್ಸಾದಂತೆ ಅದೇ ಹಾಳೆ ಎಷ್ಟು ನಿಧಾನವಾಗುತ್ತದೆ ಎಂಬುದೂ ಬೇಕಲ್ಲ. ಏಳು ವರ್ಷ ಬಾಗಿಲ ಪಕ್ಕ ಕೂತಿದ್ದೀರಿ, ಯಾರೂ ಕೇಳಲಿಲ್ಲವೇ?

ಹೊಸ್ತಿಲು ಬರೆದದ್ದು:

ಕೇಳಿರಲಿಲ್ಲ. ನೀವು ಬರೆದ ಮೇಲೆ ನಾನೇ ಫೋನ್ ಮಾಡಿ ಕೇಳಿದೆ. ಅದಕ್ಕೇ ಮೂರು ವಾರ ಇಲ್ಲಿಗೆ ಬಂದಿರಲಿಲ್ಲ.

ಮೊದಲು ಮಗಳ ವಿಷಯ. ನಾಳೆಯಾಚೆಯವರ ಮಾತನ್ನ ಅವಳಿಗೆ ಓದಿ ಹೇಳಿದೆ. ಲೋಟ ಜಾರೋ ಮಾತು ಬಂದಾಗ ಅವಳು ಎದ್ದು ಹೋದ್ಲು. ರಾತ್ರಿ ಬಂದು ಹೇಳಿದ್ಲು, ಅವಳಿಗೆ ಈಗಲೇ ಹಾಗನ್ಸುತ್ತಂತೆ, ಯಾರಿಗೂ ಹೇಳಿರಲಿಲ್ಲವಂತೆ. ಚಿಕ್ಕಮ್ಮನ ಹತ್ರ ಮಾತಾಡ್ತೀನಿ ಅಂದಿದಾಳೆ. ಸೇರೋದನ್ನ ಒಂದು ವರ್ಷ ಬಿಟ್ಟು ನೋಡೋಣ ಅಂತ ಅವಳೇ ಹೇಳಿದ್ಲು. ನಾನು ಏನೂ ಹೇಳಲಿಲ್ಲ.

ಮರಳುದಿಣ್ಣೆಯವರ ನಾಲ್ಕು ಪ್ರಶ್ನೆ ಚೀಟಿಯಲ್ಲಿ ಬರಕೊಂಡು ಹೋದೆ. ಮೂರಕ್ಕೆ ಅಲ್ಲೇ ಉತ್ತರ ಕೊಟ್ರು, ಮಾದರಿ ಹಿಂದಕ್ಕೆ ಪಡೆಯೋದು ಹೇಗೆ ಅಂತ ಪತ್ರದಲ್ಲೇ ಗೆರೆ ಎಳೆದು ತೋರಿಸಿದ್ರು. ನಾಲ್ಕನೇದಕ್ಕೆ, ತಿಳಿದದ್ದನ್ನ ನಮಗೆ ಯಾರು ಹೇಳ್ತಾರೆ ಅನ್ನೋದಕ್ಕೆ, ಆ ಹುಡುಗಿ ಸುಮ್ಮನಾದ್ಲು. ಆಮೇಲೆ "ವಿಚಾರಿಸಿ ಫೋನ್ ಮಾಡ್ತೀನಿ" ಅಂದ್ಲು. ಇನ್ನೂ ಮಾಡಿಲ್ಲ. ಸೋಮವಾರ ನಾನೇ ಮಾಡ್ತೀನಿ.

ನಾಲಿಗೆ ಚಾಚಿದೆ, ಕೈ ಊರಿದೆ, ಪದ ಓದಿದೆ. ಹಾಳೆ ಬಂದಾಗ ಕೈ ಬೆವೆತಿತ್ತು. ಏಳು ವರ್ಷ ನೋಡಿದ್ದರಿಂದ ಚಿಹ್ನೆಯೆಲ್ಲ ಬಾಯಿಪಾಠ ಆಗಿರಬೇಕು ಅಂದ್ಕೊಂಡಿದ್ದೆ. ಒಂದೂ ನೆನಪಿರಲಿಲ್ಲ, ಪ್ರತಿ ಸಲ ಕಣ್ಣು ಮೇಲಕ್ಕೆ ಹೋಗಿ ಕೆಳಕ್ಕೆ ಬರಬೇಕು.

ಈ ಸಲ ಬಾಗಿಲ ಪಕ್ಕದ ಕುರ್ಚಿಯಲ್ಲಿ ಅವರು ಕೂತಿದ್ರು. ಮುಗಿಸಿ ಎದ್ದಾಗ ಕೇಳಿದ್ರು, ಈಗ ಅವರ ಮಾತು ತೊದಲುತ್ತೆ, ಆದ್ರೂ ನನಗೆ ಸ್ಪಷ್ಟವಾಗಿ ಕೇಳಿಸಿತು: "ತೊಂಬತ್ತು ಸೆಕೆಂಡು ಸಾಕಾಯ್ತಾ?"

ಸಾಕಾಗ್ಲಿಲ್ಲ ರೀ, ಅಂದೆ.